ಗಾಲ್ಫ್ ಪ್ರವಾಸಕ್ಕೆ ಟ್ರಾವೆಲ್ ಇನ್ಶೂರೆನ್ಸ್: ಫಾರ್ವರ್ಡ್ ಹೇಳುವುದೊಂದು, ಪಾಲಿಸಿ ಹೇಳುವುದೊಂದು

"ಅಪ್ಪನಿಗೆ 64. ರಿಟೈರ್ ಆದ ಮೇಲೆ ಗಾಲ್ಫ್ ಹಚ್ಚಿಕೊಂಡಿದ್ದಾರೆ. ಈಗ ಮೂವರು ಸ್ನೇಹಿತರ ಜೊತೆ ಆಡುವುದಕ್ಕೆಂದೇ ಥಾಯ್ಲೆಂಡ್‌ಗೆ ಹೊರಟಿದ್ದಾರೆ. ಅವರ ಗ್ರೂಪ್‌ನಲ್ಲಿ ಈ ಮೆಸೇಜ್ ಓಡಾಡುತ್ತಿದೆ. ನಿಜಾನಾ ನೋಡಿ ಹೇಳ್ತೀರಾ?"

ಮೈಸೂರಿನ ಓದುಗರೊಬ್ಬರು ನಮಗೆ ಹೀಗೆ ಬರೆದು, ಜೊತೆಗೆ ಒಂದು ಉದ್ದನೆಯ ಫಾರ್ವರ್ಡ್ ಕಳಿಸಿದ್ದರು. ಅದರಲ್ಲಿದ್ದ ಮಾತುಗಳು ಇಷ್ಟು. ಗಾಲ್ಫ್ ಸಾಹಸ ಕ್ರೀಡೆ, ಹಾಗಾಗಿ ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್ ತಗೊಂಡರೆ ಒಂದು ರೂಪಾಯಿಯೂ ಬರುವುದಿಲ್ಲ. 'ಹೋಲ್ ಇನ್ ವನ್' ಸೌಲಭ್ಯ ಇರುವ ಪಾಲಿಸಿಯನ್ನೇ ಕೊಳ್ಳಿ. ಬಿಪಿ, ಶುಗರ್ ಇದೆ ಎಂದು ಬರೆಯಬೇಡಿ, ಸುಮ್ಮನೆ ಪ್ರೀಮಿಯಂ ಏರುತ್ತದೆ. ಕ್ರೆಡಿಟ್ ಕಾರ್ಡ್ ಇದ್ದರೆ ಇದ್ಯಾವುದೂ ಬೇಡ, ಇನ್ಶೂರೆನ್ಸ್ ಫ್ರೀ.

ಇದರಲ್ಲಿ ಪೂರ್ತಿ ಸುಳ್ಳು ಎನ್ನುವಂಥದ್ದು ಕಡಿಮೆ. ಅರ್ಧ ನಿಜವೇ ಹೆಚ್ಚು. ಒಂದು ಮಾತಂತೂ ಅಪಾಯಕಾರಿ. ಅದಕ್ಕೆ ಆಮೇಲೆ ಬರುತ್ತೇವೆ.

ಗಾಲ್ಫ್ ನಮ್ಮ ಊರುಗಳಿಗೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಮೈಸೂರು, ಚಿಕ್ಕಮಗಳೂರು, ಕೊಡಗಿನಲ್ಲೂ ಗಾಲ್ಫ್ ಮೈದಾನಗಳಿವೆ. ಆದರೆ ಆಡುವುದಕ್ಕೆಂದೇ ಗುಂಪು ಕಟ್ಟಿಕೊಂಡು ವಿದೇಶಕ್ಕೆ ಹೋಗುವವರಲ್ಲಿ ಅನೇಕರು ದುಡಿಮೆ ಮುಗಿಸಿ, ಮಕ್ಕಳ ಜವಾಬ್ದಾರಿ ಕಳೆದುಕೊಂಡವರು. ಬಿಸಿಲು, ನಡಿಗೆ, ಬಿಪಿ ಮಾತ್ರೆ, ಸಂಜೆಗೆ ಒಂದೆರಡು ಬಿಯರು, ಇವೆಲ್ಲ ಒಟ್ಟಿಗೆ ಸೇರುವ ಪ್ರವಾಸ ಅದು. "ಗಾಲ್ಫ್ ದುಡ್ಡಿದ್ದವರ ಆಟ, ನಮಗ್ಯಾಕೆ" ಎನ್ನುವವರೂ ಓದಬಹುದು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮನಿಗೂ ಇಲ್ಲಿನ ಮುಕ್ಕಾಲು ಪಾಲು ಮಾತು ಅನ್ವಯಿಸುತ್ತದೆ.

ಗಾಲ್ಫ್ ಸಾಹಸ ಕ್ರೀಡೆಯೇ?

ಸಾಮಾನ್ಯವಾಗಿ ಅಲ್ಲ. ಟ್ರಾವೆಲ್ ಪಾಲಿಸಿಗಳಲ್ಲಿ ಪರಿಹಾರ ಸಿಗದ ಸಂದರ್ಭಗಳ ಪಟ್ಟಿ ಇರುತ್ತದೆ. ಅದರಲ್ಲಿ ಸ್ಕೈಡೈವಿಂಗ್, ಬಂಜಿ ಜಂಪಿಂಗ್, ಪರ್ವತಾರೋಹಣ, ಸ್ಕೂಬಾ ಡೈವಿಂಗ್ ಇಂಥವು ಕಾಣುತ್ತವೆ. ಸಂತೋಷಕ್ಕೆ ಆಡುವ ಗಾಲ್ಫ್ ಅಲ್ಲಿ ಸಿಗುವುದು ಅಪರೂಪ. ಅಂದರೆ ಮೈದಾನದಲ್ಲಿ ಕಾಲು ಜಾರಿ ಮೂಳೆ ಮುರಿದರೆ ಮಾಮೂಲಿ ಪಾಲಿಸಿಯೇ ಆಸ್ಪತ್ರೆ ಖರ್ಚು ನೋಡಿಕೊಳ್ಳಬೇಕು.

ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ವೃತ್ತಿಪರ ಕ್ರೀಡೆ. ಕೆಲವು ಪಾಲಿಸಿಗಳು 'ಸ್ಪರ್ಧೆ' ಎಂಬ ಪದವನ್ನೂ ಸೇರಿಸುತ್ತವೆ. ನಾಲ್ಕು ಜನ ಸ್ನೇಹಿತರು ಆಡುವುದು ಸರಿ. ಪ್ರವಾಸದ ಮಧ್ಯೆ ನಗದು ಬಹುಮಾನದ ಟೂರ್ನಿ ಇದ್ದರೆ ಅದಕ್ಕೂ ರಕ್ಷಣೆ ಇದೆಯೇ ಎಂದು ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ಫೋನಿನಲ್ಲಿ "ಆಗುತ್ತೆ ಸಾರ್, ಎಲ್ಲಾ ಕವರ್ ಆಗುತ್ತೆ" ಎಂದದ್ದು ಕ್ಲೇಮ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಪಾಲಿಸಿ ತಿರಸ್ಕಾರವಾಗುವ ಇನ್ನೊಂದು ದಾರಿ ಮದ್ಯ. ಅಮಲಿನಲ್ಲಿದ್ದಾಗ ಆದ ಅಪಘಾತಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳಲ್ಲೂ ಇದೆ. ಕ್ಲಬ್‌ನಲ್ಲಿ ಎರಡು ಬಿಯರು ಕುಡಿದು ಬಗ್ಗಿ ಓಡಿಸಿ ಗುಂಡಿಗೆ ಬಿದ್ದರೆ, ಆಸ್ಪತ್ರೆಯ ದಾಖಲೆಯಲ್ಲಿ ಮದ್ಯದ ಉಲ್ಲೇಖ ಬಂದರೆ, ಅಲ್ಲಿಗೆ ಕಷ್ಟ ಶುರು. ಸಂಜೆ ಸುತ್ತಾಡಲು ಬಾಡಿಗೆ ಸ್ಕೂಟರ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಆ ದೇಶದಲ್ಲಿ ಊರ್ಜಿತವಾಗುವ ಲೈಸೆನ್ಸ್ ಇಲ್ಲದೆ ಓಡಿಸಿದರೆ ಕ್ಲೇಮ್ ನಿಲ್ಲುವುದು ಕಷ್ಟ.

ಹೋಲ್ ಇನ್ ವನ್ ಲೆಕ್ಕ

ಒಂದೇ ಹೊಡೆತಕ್ಕೆ ಚೆಂಡು ಗುಳಿಗೆ ಬಿದ್ದರೆ ಅದು ಹೋಲ್ ಇನ್ ವನ್. ಹಾಗೆ ಹೊಡೆದವರು ಕ್ಲಬ್‌ನಲ್ಲಿದ್ದವರಿಗೆಲ್ಲ ಪಾನೀಯ ಕೊಡಿಸಬೇಕು ಎಂಬುದು ಹಳೆಯ ಪದ್ಧತಿ. ಜಪಾನ್‌ನಲ್ಲಿ ಪಾರ್ಟಿ, ಉಡುಗೊರೆ ಎಂದು ಈ ಖರ್ಚು ಎಷ್ಟು ಬೆಳೆಯುತ್ತದೆಂದರೆ, ಬರೀ ಅದಕ್ಕೇ ಇನ್ಶೂರೆನ್ಸ್ ಮಾಡಿಸುವುದು ಅಲ್ಲಿ ಮಾಮೂಲು. ಅದೃಷ್ಟಕ್ಕೆ ವಿಮೆ ಮಾಡಿಸುವ ಇನ್ನೊಂದು ಆಟ ನಮಗಂತೂ ಹೊಳೆಯಲಿಲ್ಲ. ಭಾರತದ ಕೆಲವು ಟ್ರಾವೆಲ್ ಪಾಲಿಸಿಗಳಲ್ಲೂ ಈ ಸೌಲಭ್ಯ ಇದೆ. ಹಾಗಾಗಿ ಫಾರ್ವರ್ಡ್ ಹೇಳಿದ್ದು ಇಷ್ಟರ ಮಟ್ಟಿಗೆ ನಿಜ.

ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ಹವ್ಯಾಸಿ ಆಟಗಾರನೊಬ್ಬ ಹತ್ತಿರದ ಗುಳಿಗೆ, ಅಂದರೆ ಪಾರ್-3 ಹೋಲ್‌ಗೆ, ಒಂದೇ ಹೊಡೆತದಲ್ಲಿ ಚೆಂಡು ಹಾಕುವ ಸಾಧ್ಯತೆ ಸುಮಾರು 12,500ಕ್ಕೆ ಒಂದು ಎಂಬ ಅಂದಾಜು ಗಾಲ್ಫ್ ಲೋಕದಲ್ಲಿ ಬಳಕೆಯಲ್ಲಿದೆ. 18 ಗುಳಿಗಳ ಮೈದಾನದಲ್ಲಿ ಸಾಮಾನ್ಯವಾಗಿ ನಾಲ್ಕು ಪಾರ್-3 ಇರುತ್ತವೆ. ಪ್ರವಾಸದಲ್ಲಿ ಐದು ದಿನ ಆಡಿದರೆ 20 ಅವಕಾಶ. ಅಂದರೆ 625 ಜನ ಇಂಥ ಪ್ರವಾಸ ಮಾಡಿದರೆ ಒಬ್ಬರಿಗೆ ಅದೃಷ್ಟ. ಪಾಲಿಸಿ 500 ಡಾಲರ್ ಕೊಡುತ್ತದೆ ಎಂದುಕೊಂಡರೂ ಆ ಸೌಲಭ್ಯದ ಸರಾಸರಿ ಬೆಲೆ ಒಂದು ಡಾಲರ್‌ಗೂ ಕಡಿಮೆ, ಸುಮಾರು 70 ರೂಪಾಯಿ. ಅದೂ ಸಾಕ್ಷಿ, ಕ್ಲಬ್‌ನ ಪ್ರಮಾಣಪತ್ರ, ಪಾರ್ಟಿಯ ಬಿಲ್ ಎಲ್ಲ ಒದಗಿಸಿದರೆ. ಇದ್ದರೆ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಇದನ್ನು ನೋಡಿ ಪಾಲಿಸಿ ಆರಿಸುವುದೆಂದರೆ ಹಾರ್ನ್ ಚೆನ್ನಾಗಿದೆ ಎಂದು ಕಾರು ಕೊಂಡ ಹಾಗೆ.

"ಬಿಪಿ ಇದೆ ಅಂತ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತೆ?"

ನಾವು ಅಪಾಯಕಾರಿ ಎಂದದ್ದು ಈ ಸಲಹೆಯನ್ನು. ಉತ್ತರ ಸರಳ: ನೀವೇ ಹೇಳುತ್ತೀರಿ.

ಎದೆನೋವು ಎಂದು ಯಾವುದೇ ದೇಶದ ಆಸ್ಪತ್ರೆಗೆ ಹೋಗಿ, ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು "ದಿನಾ ಯಾವ ಮಾತ್ರೆ ತಗೊಳ್ತೀರಿ, ಎಷ್ಟು ವರ್ಷದಿಂದ?" ಎಂಬುದು. ಆ ಹೊತ್ತಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಹೇಳಲೂ ಬಾರದು, ಚಿಕಿತ್ಸೆಯೇ ತಪ್ಪಿ ಹೋದೀತು. ಆ ಉತ್ತರ ಕೇಸ್ ಶೀಟ್‌ಗೆ ಹೋಗುತ್ತದೆ, ಡಿಸ್ಚಾರ್ಜ್ ಸಮ್ಮರಿಗೂ ಬರುತ್ತದೆ. ಕ್ಲೇಮ್ ಜೊತೆ ಕಳಿಸಬೇಕಾದ ದಾಖಲೆಯೂ ಅದೇ. "ಎಂಟು ವರ್ಷದಿಂದ ಬಿಪಿ" ಎಂಬ ಸಾಲು ಅಲ್ಲಿ, "ಯಾವ ಕಾಯಿಲೆಯೂ ಇಲ್ಲ" ಎಂಬ ಟಿಕ್ ಅರ್ಜಿಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದಷ್ಟೇ ಕಂಪನಿಯ ಕೆಲಸ. ಇನ್ಶೂರೆನ್ಸ್ ಒಪ್ಪಂದ ನಿಂತಿರುವುದೇ ಕೊಳ್ಳುವವರು ಸತ್ಯ ಹೇಳಿದ್ದಾರೆ ಎಂಬ ನಂಬಿಕೆಯ ಮೇಲೆ. ಮುಖ್ಯ ಸಂಗತಿ ಮುಚ್ಚಿಟ್ಟದ್ದು ಕಂಡರೆ ಆ ಒಂದು ಕ್ಲೇಮ್ ಮಾತ್ರವಲ್ಲ, ಪಾಲಿಸಿಯೇ ರದ್ದಾಗುವ ಸಂಭವವಿದೆ.

ಹಾಗಾದರೆ ಹೇಳಿದರೆ ಎಲ್ಲ ಸರಿಯೇ? ಅದೂ ಅಲ್ಲ, ಮತ್ತು ಇದನ್ನು ಏಜೆಂಟರು ಬಿಡಿಸಿ ಹೇಳುವುದು ಕಡಿಮೆ. ಮೊದಲೇ ಇದ್ದ ಕಾಯಿಲೆಗೆ ಸಂಬಂಧಪಟ್ಟ ಖರ್ಚನ್ನು ಅನೇಕ ಟ್ರಾವೆಲ್ ಪಾಲಿಸಿಗಳು ಪೂರ್ತಿ ಕೈಬಿಡುತ್ತವೆ. ಇನ್ನು ಕೆಲವು, ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಯಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಮುಖಪುಟದಲ್ಲಿ 1 ಲಕ್ಷ ಡಾಲರ್ ಎಂದು ದಪ್ಪಕ್ಷರದಲ್ಲಿರುತ್ತದೆ. ಹೃದಯಾಘಾತಕ್ಕೆ, ಅದೂ ಬಿಪಿ ಇದ್ದವರಿಗೆ, ಸಿಗುವುದು ಅದರ ಚಿಕ್ಕದೊಂದು ಪಾಲು ಎಂಬುದು ಒಳಗೆಲ್ಲೋ ಇರುತ್ತದೆ. 60 ದಾಟಿದವರ ಪ್ಲಾನ್‌ಗಳಲ್ಲಿ ಇನ್ನೊಂದು ಜಾಣತನ ನೋಡಬಹುದು. ರೂಮ್ ಬಾಡಿಗೆಗೆ ಇಷ್ಟು, ಐಸಿಯುಗೆ ದಿನಕ್ಕೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಒಳಮಿತಿ ಹಾಕಿರುತ್ತಾರೆ. ಅದರ ಮೇಲಿನದು ನಿಮ್ಮ ಜೇಬಿನದು. ಎರಡು ಪಾಲಿಸಿಗಳ ಪ್ರೀಮಿಯಂ ನಡುವೆ ದೊಡ್ಡ ವ್ಯತ್ಯಾಸ ಕಂಡರೆ, ಅನೇಕ ಸಲ ಅದಕ್ಕೆ ಕಾರಣ ಇದೇ ಒಳಮಿತಿ.

ಹಾಗಾಗಿ ನಮ್ಮ ಓದುಗರಿಗೆ ನಾವು ಹೇಳಿದ್ದಿಷ್ಟು: ಪಾಲಿಸಿಯಲ್ಲಿ 'ಗಾಲ್ಫ್' ಎಂಬ ಪದ ಹುಡುಕುವ ಮೊದಲು 'ಮೊದಲೇ ಇದ್ದ ಕಾಯಿಲೆ' ಎಂಬಲ್ಲಿ ಏನಿದೆ ಓದಿ. ಬಿಪಿಯನ್ನು ಅರ್ಜಿಯಲ್ಲಿ ಬರೆಯಿರಿ. ಒಳಮಿತಿ ಇಲ್ಲದ, ಈ ಕಾಯಿಲೆಗೂ ತುರ್ತು ಚಿಕಿತ್ಸೆ ಕೊಡುವ ಪಾಲಿಸಿಗೆ ಕೆಲವು ಸಾವಿರ ಹೆಚ್ಚಾದರೂ ಕೊಡಿ.

ಗಾಲ್ಫ್ ಪ್ರವಾಸದಲ್ಲಿ ಇದು ಯಾಕೆ ಇನ್ನೂ ಮುಖ್ಯ ಅಂದರೆ, ಒಂದು ಪೂರ್ತಿ ಆಟಕ್ಕೆ ನಡೆದೇ ಹೋದರೆ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ. ಥಾಯ್ಲೆಂಡ್‌ನ ಸೆಕೆ ನಮ್ಮ ಮಂಗಳೂರಿನ ಸೆಕೆಯ ಹಾಗೆ, ಬೆವರು ಆರುವುದೇ ಇಲ್ಲ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರ ಮೈಯಲ್ಲಿ ನೀರು, ಉಪ್ಪಿನಂಶ ಬೇಗ ಇಳಿಯುತ್ತವೆ. ಮೈಸೂರಿನ ಬೆಳಗಿನ ತಂಪಿನಲ್ಲಿ ಆಡಿ ಅಭ್ಯಾಸವಿದ್ದವರು ಅಲ್ಲಿ ಐದು ದಿನ ಬಿಡದೆ ಆಡುವ ಮೊದಲು ತಮ್ಮ ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು. ಇನ್ಶೂರೆನ್ಸ್ ಬಿಲ್ ಕಟ್ಟೀತು, ತಲೆಸುತ್ತಿ ಬೀಳುವುದನ್ನು ತಪ್ಪಿಸದು.

ಅಂದಹಾಗೆ, "ನಮ್ಮ ಹತ್ತು ಲಕ್ಷದ ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ" ಎನ್ನುವವರಿಗೊಂದು ಮಾತು. ಭಾರತದಲ್ಲಿ ಕೊಂಡ ಬಹುತೇಕ ಆರೋಗ್ಯ ವಿಮೆಗಳು ಭಾರತದ ಆಸ್ಪತ್ರೆಗಳಿಗೆ ಮಾತ್ರ. ಕೊಡಗಿಗೆ ಆಡಲು ಹೋದರೆ ಸಾಕು, ಫುಕೆಟ್‌ಗೆ ಹೋದರೆ ಸಾಲದು.

ನಿಮ್ಮ ಚೆಂಡು ಬೇರೆಯವರಿಗೆ ಬಡಿದರೆ?

ಫಾರ್ವರ್ಡ್‌ನಲ್ಲಿ ಈ ವಿಷಯವೇ ಇರಲಿಲ್ಲ. ಗಾಲ್ಫ್‌ಗೆ ನಿಜವಾಗಿ ವಿಶಿಷ್ಟವಾದ ಅಪಾಯ ಇದೇ ಎಂಬುದು ನಮ್ಮ ಅಭಿಪ್ರಾಯ.

2007ರಲ್ಲಿ ಸ್ಕಾಟ್ಲೆಂಡ್‌ನ ಎಡಿನ್‌ಬರೋ ಸಮೀಪದ ನಿಡ್ರಿ ಕ್ಯಾಸಲ್ ಗಾಲ್ಫ್ ಮೈದಾನದಲ್ಲಿ, ಒಂದು ಗುಳಿಯಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದ ಹೊಸ ಆಟಗಾರನೊಬ್ಬನ ಮುಖಕ್ಕೆ ಬೇರೊಬ್ಬರು ಹೊಡೆದ ಚೆಂಡು ಬಡಿಯಿತು. ಆತ ಒಂದು ಕಣ್ಣು ಕಳೆದುಕೊಂಡ. ಕೋರ್ಟ್ ಕೊಡಿಸಿದ ಪರಿಹಾರ ಸುಮಾರು 4 ಲಕ್ಷ ಪೌಂಡ್, ಇಂದಿನ ಲೆಕ್ಕದಲ್ಲಿ 4 ಕೋಟಿ ರೂಪಾಯಿಗೂ ಮೇಲೆ. ಮೊದಲ ತೀರ್ಪಿನಲ್ಲಿ ಅದರ 70 ಶೇಕಡಾ ಚೆಂಡು ಹೊಡೆದವನ ತಲೆಗೇ ಬಂತು, ಉಳಿದದ್ದು ಕ್ಲಬ್‌ಗೆ. 2013ರಲ್ಲಿ ಮೇಲ್ಮನವಿಯಲ್ಲಿ ಅದು ಬದಲಾಗಿ, ಎಚ್ಚರಿಕೆ ಫಲಕ ಹಾಕದ ಕ್ಲಬ್‌ನ ಪಾಲು 80 ಶೇಕಡಾ, ಆಟಗಾರನ ಪಾಲು 20 ಶೇಕಡಾ ಆಯಿತು. ಇಳಿದ ಆ 20 ಶೇಕಡಾ ಕೂಡ 80 ಲಕ್ಷ ರೂಪಾಯಿ ದಾಟುತ್ತದೆ. ಆಟಗಾರ ಯಾರಿಗೂ ಕೇಡು ಬಯಸಿದವನಲ್ಲ. ಹೊಡೆತ ತಪ್ಪಿತು, ಅಷ್ಟೇ. ಗಾಲ್ಫ್ ಆಡುವ ಎಲ್ಲರಿಗೂ ತಪ್ಪುವ ಹಾಗೆ.

ಇಂಥದ್ದಕ್ಕೆ ಟ್ರಾವೆಲ್ ಪಾಲಿಸಿಯಲ್ಲಿ 'ಪರ್ಸನಲ್ ಲಯಬಿಲಿಟಿ' ಎಂಬ ಭಾಗ ಇರುತ್ತದೆ. ನಿಮ್ಮಿಂದ ಬೇರೆಯವರಿಗೆ ಗಾಯವೋ ಆಸ್ತಿ ನಷ್ಟವೋ ಆಗಿ ನೀವು ಕಾನೂನು ಪ್ರಕಾರ ಕಟ್ಟಬೇಕಾದ ಹಣವನ್ನು ಒಂದು ಮಿತಿಯೊಳಗೆ ಕಂಪನಿ ಕಟ್ಟುತ್ತದೆ. ಹೋಲ್ ಇನ್ ವನ್ ಹುಡುಕುವ ಕಣ್ಣು ಮೊದಲು ಈ ಮೊತ್ತದ ಮೇಲೆ ಬೀಳಲಿ. ಇಲ್ಲೂ ಎರಡು ಸಂದಿಗಳಿವೆ. ನಿಮ್ಮ ಜೊತೆಗೇ ಪ್ರಯಾಣ ಮಾಡುವವರಿಗೆ, ಮನೆಯವರಿಗೆ ಆದ ಗಾಯವನ್ನು ಕೆಲವು ಪಾಲಿಸಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೈದಾನದಲ್ಲಿ ನಿಮಗೆ ಅತಿ ಹತ್ತಿರ ನಿಂತಿರುವವರು ಅವರೇ ಅಲ್ಲವೇ! ಇನ್ನೊಂದು, ಮೋಟಾರು ವಾಹನದಿಂದ ಆದ ಹಾನಿಗೆ ಈ ಭಾಗ ಸಾಮಾನ್ಯವಾಗಿ ಅನ್ವಯಿಸದು. ಬಗ್ಗಿಯನ್ನು ವಾಹನ ಎಂದು ಎಣಿಸುತ್ತಾರೋ ಇಲ್ಲವೋ ಎಂಬುದನ್ನು ಕಂಪನಿಯಿಂದಲೇ ಬರಹದಲ್ಲಿ ತಿಳಿದುಕೊಳ್ಳಬೇಕು. ಚೆಂಡಿಗೆ ರಕ್ಷಣೆ ಇದ್ದು, ಬಗ್ಗಿಗೆ ಇಲ್ಲದಿರಬಹುದು.

ಪೊಲೀಸರೋ ಗಾಯಗೊಂಡವರ ಕಡೆಯವರೋ ಬಂದಾಗ "ನನ್ನದೇ ತಪ್ಪು, ಎಷ್ಟಾದರೂ ಕೊಡ್ತೀನಿ" ಎಂದು ಒಪ್ಪಿಕೊಳ್ಳುವ ಮೊದಲು ಕಂಪನಿಗೆ ಫೋನ್ ಮಾಡಬೇಕು ಎಂಬ ಷರತ್ತೂ ಇರುತ್ತದೆ. ಗಾಯಗೊಂಡವರಿಗೆ ಸಹಾಯ ಮಾಡುವುದಕ್ಕೆ ಯಾವ ಷರತ್ತೂ ಅಡ್ಡಿಯಲ್ಲ. ದುಡ್ಡಿನ ಮಾತು ಕೊಡುವುದು ಬೇರೆ.

ಕಿಟ್ ಕಳೆದರೆ, ಮುರಿದರೆ

ಲಕ್ಷ, ಎರಡು ಲಕ್ಷದ ಕಿಟ್ ಇಟ್ಟುಕೊಂಡವರಿಗೆ ಇದೇ ದೊಡ್ಡ ಚಿಂತೆ. ಆದರೆ ಟ್ರಾವೆಲ್ ಪಾಲಿಸಿಗಳ ಬ್ಯಾಗೇಜ್ ಭಾಗ ಸಾಮಾನ್ಯವಾಗಿ ಚೆಕ್-ಇನ್ ಮಾಡಿದ ಇಡೀ ಬ್ಯಾಗ್ ಕಾಣೆಯಾದರೆ ಮಾತ್ರ ಹಣ ಕೊಡುತ್ತದೆ. ಒಂದು ಕೋಲು ಮುರಿದು ಬಂದರೆ ಇಲ್ಲ. ಕೊಡುವಾಗಲೂ ಒಂದು ಬ್ಯಾಗ್‌ಗೆ ಇಷ್ಟು, ಒಂದು ವಸ್ತುವಿಗೆ ಇಷ್ಟು ಎಂಬ ಮಿತಿ.

ಆದರೆ ಇನ್ಶೂರೆನ್ಸ್ ಇರಲಿ ಬಿಡಲಿ, ವಿಮಾನ ಕಂಪನಿಯ ಮೇಲೆ ನಿಮಗೆ ಹಕ್ಕಿದೆ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗ್ ಕಳೆದರೆ, ಹಾಳಾದರೆ, ತಡವಾದರೆ ವಿಮಾನ ಕಂಪನಿ ಹೊಣೆ. 2024ರ ಡಿಸೆಂಬರ್ 28ರಿಂದ ಇದರ ಗರಿಷ್ಠ ಮಿತಿ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ರೂಪಾಯಿಯಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ. ಮುರಿದದ್ದನ್ನು ಬ್ಯಾಗ್ ಕೈಗೆ ಬಂದ 7 ದಿನದೊಳಗೆ, ತಡವಾದದ್ದನ್ನು 21 ದಿನದೊಳಗೆ ಬರವಣಿಗೆಯಲ್ಲಿ ದೂರಬೇಕು. ವಿಮಾನ ನಿಲ್ದಾಣದಿಂದ ಹೊರಬರುವ ಮೊದಲೇ ಬ್ಯಾಗೇಜ್ ಕೌಂಟರ್‌ನಲ್ಲಿ ದೂರು ಬರೆಸಿ ಅದರ ಪ್ರತಿ ತೆಗೆದುಕೊಳ್ಳಿ. ಅದು ಇಲ್ಲದೆ ಇನ್ಶೂರೆನ್ಸ್ ಕಂಪನಿಯೂ ಮುಂದಿನ ಮಾತು ಆಡುವುದಿಲ್ಲ. ಕಿಟ್‌ನ ಫೋಟೊ, ಬಿಲ್ ಫೋನಿನಲ್ಲಿರಲಿ.

ಕ್ರೆಡಿಟ್ ಕಾರ್ಡ್, ವೀಸಾ ಮತ್ತು ಸ್ಕಾಟ್ಲೆಂಡ್

ಕಾರ್ಡ್‌ನ 'ಒಂದು ಕೋಟಿ ಇನ್ಶೂರೆನ್ಸ್' ಎಂದರೆ ಹೆಚ್ಚಾಗಿ ವಿಮಾನ ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಸಿಗುವ ಹಣ. ಅದಕ್ಕೂ ಟಿಕೆಟ್ ಅದೇ ಕಾರ್ಡ್‌ನಲ್ಲಿ ಕೊಂಡಿರಬೇಕು ಎಂಬಂಥ ಷರತ್ತುಗಳಿರುತ್ತವೆ. ಆಸ್ಪತ್ರೆ ಖರ್ಚು ಕೊಡುವ ಕಾರ್ಡ್‌ಗಳು ಇಲ್ಲವೆಂದಲ್ಲ, ಆದರೆ ಮೊತ್ತ ನೋಡಿ, ವಯಸ್ಸಿನ ಮಿತಿ ನೋಡಿ ನಂಬಬೇಕು.

ಸ್ಪೇನ್, ಪೋರ್ಚುಗಲ್‌ಗೆ ಆಡಲು ಹೋಗುವವರು ತಪ್ಪಿಸಿಕೊಳ್ಳುವಂತಿಲ್ಲ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಗಾಲ್ಫ್‌ನ ತವರು ಎನಿಸಿಕೊಂಡ ಸೇಂಟ್ ಆಂಡ್ರೂಸ್ ಇರುವ ಸ್ಕಾಟ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ. ಬ್ರಿಟನ್‌ನ ಪ್ರವಾಸಿ ವೀಸಾಗೆ ವಿಮೆ ಕಡ್ಡಾಯವಲ್ಲ. "ಅವರೇ ಕೇಳಿಲ್ಲ, ಬೇಕಾಗಿಲ್ಲ ಅಂತ ಅರ್ಥ" ಎಂದು ಹಾಗೇ ಹೋಗುವವರಿದ್ದಾರೆ. ವೀಸಾ ಅಧಿಕಾರಿ ಕೇಳದಿದ್ದರೂ ಆಸ್ಪತ್ರೆ ಬಿಲ್ ಕೊಡುತ್ತದೆ. ಅಲ್ಲಿ ತುರ್ತು ವಿಭಾಗದ ಚಿಕಿತ್ಸೆ ಉಚಿತ. ವಾರ್ಡ್‌ಗೆ ದಾಖಲಾದರೆ ನಮ್ಮಂಥ ಸಂದರ್ಶಕರು ಸಾಮಾನ್ಯವಾಗಿ ಹಣ ಕಟ್ಟಬೇಕು. ಚೆಂಡು ಬಡಿದು ಕಣ್ಣು ಹೋದ ಪ್ರಕರಣ ನಡೆದದ್ದೂ ಅದೇ ನಾಡಿನಲ್ಲಿ.

ಯಾವಾಗ ಕೊಳ್ಳಬೇಕು, ತಕರಾರು ಬಂದರೆ ಎಲ್ಲಿಗೆ ಹೋಗಬೇಕು

ವಿಮಾನ, ಹೋಟೆಲ್, ಮೈದಾನದ ಗ್ರೀನ್ ಫೀ ಕಟ್ಟಿದ ವಾರದೊಳಗೇ ಕೊಂಡರೆ ಲಾಭ. ಪ್ರವಾಸ ರದ್ದಾದರೆ ಸಿಗುವ ರಕ್ಷಣೆ ಪಾಲಿಸಿ ಕೊಂಡ ಮೇಲಷ್ಟೇ ಶುರು. ಮಳೆ ಬಂದು ಮೈದಾನ ಮುಚ್ಚಿತು, ಮನಸ್ಸು ಬದಲಾಯಿತು ಎಂಬುದಕ್ಕೆಲ್ಲ ಹಣ ಬಾರದು. ನಾಲ್ವರಲ್ಲಿ ಒಬ್ಬರಿಗೆ ಹುಷಾರಿಲ್ಲದೆ ಪ್ರವಾಸವೇ ನಿಂತರೆ ಉಳಿದ ಮೂವರಿಗೆ ಸಿಗುತ್ತದೆಯೇ ಎಂಬುದು 'ಸಹ ಪ್ರಯಾಣಿಕ' ಎಂಬ ಪದಕ್ಕೆ ಪಾಲಿಸಿ ಕೊಟ್ಟ ಅರ್ಥದ ಮೇಲೆ ನಿಂತಿದೆ. ಭಾರತ ಬಿಟ್ಟ ಮೇಲೆ ಕೊಳ್ಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ.

ಪಾಲಿಸಿಯಲ್ಲಿರುವ 24 ಗಂಟೆಯ ಸಹಾಯವಾಣಿ ಸಂಖ್ಯೆಯನ್ನು ನಾಲ್ವರ ಫೋನಿನಲ್ಲೂ ಹಾಕಿಡಿ. ಬಿದ್ದವರ ಫೋನ್ ಲಾಕ್ ಆಗಿರುತ್ತದೆ. ವಿದೇಶದ ಖಾಸಗಿ ಆಸ್ಪತ್ರೆಗಳು ದಾಖಲಿಸುವಾಗಲೇ ಡೆಪಾಸಿಟ್ ಅಥವಾ ವಿಮಾ ಕಂಪನಿಯ ಖಾತರಿ ಕೇಳುವುದುಂಟು. ಆ ಖಾತರಿ ಸಿಗುವುದು ಈ ಸಂಖ್ಯೆಗೆ ಕರೆ ಮಾಡಿದರೇ.

ಇಷ್ಟಾದ ಮೇಲೂ ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣದಲ್ಲೂ, 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರವೇ ಬಾರದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅಲ್ಲಿ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.